ಮಾತು ತಿಳಿಯದ ಹಾಡಿನ ಮರ್ಮರ

"ಈ ಸಂಚಿಕೆಗೆ ನೀನು ಏನಾದರೂ ಬರೀಲೇಬೇಕು" ಎಂದು ನಮ್ಮ ಸಂಘದ ಸಂಪಾದಕ ಮಿತ್ರರು ಬೆನ್ನು ಹತ್ತಿದಾಗ, "ನಾನು ಕಾಮರ್ಸಿನವ, ಜಮಾ-ಖರ್ಚು ಬಿಟ್ಟರೆ ನನಗೇನು ಗೊತ್ತು?" ಎಂದು ಜಾರಿಕೊಳ್ಳಲು ನೋಡಿದೆ. "ಗೊತ್ತಿದ್ದದ್ದನ್ನೇ ಬರಿ" ಅಂದರು. ಒಂದು ವಾರ ಯೋಚನೆ ಮಾಡಿದೆ. ಕೊನೆಗೆ, ಗೊತ್ತಿಲ್ಲದ್ದರ ಬಗ್ಗೆ ಬರೆಯುವುದೇ ಲೇಸು ಅನ್ನಿಸಿತು. ಅಂದರೆ, ಮಾತೇ ತಿಳಿಯದ ಒಂದು ಇಂಗ್ಲಿಷ್ ಗಾನತಟ್ಟೆಯ ಬಗ್ಗೆ. ಅದನ್ನು ತಿಳಿಯದೆಯೇ ಮೆಚ್ಚಿದವರ ಬಗ್ಗೆ.

ಮೊದಲು ಒಂದು ತಪ್ಪೊಪ್ಪಿಗೆ. ನಾನು ಹತ್ತನೆಯ ಇಯತ್ತೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವ. ಕಾಲೇಜಿಗೆ ಬಂದ ಮೇಲೆ ಎಲ್ಲವೂ ಇಂಗ್ಲಿಷ್. ಅಕೌಂಟ್ಸ್ ಹೇಗೋ ಅಂಕಿಗಳ ಕೈ ಹಿಡಿದು ದಡ ಸೇರಿತು. ಆದರೆ ಕ್ಯಾಂಟೀನಿನಲ್ಲಿ ಇಂಗ್ಲಿಷ್ ಹಾಡುಗಳ ಮಾತು ಬಂದಾಗ ನಾನು ಕಲಿತ ವಿದ್ಯೆ ಒಂದೇ: ಎಲ್ಲರೂ ತಲೆ ಆಡಿಸಿದಾಗ ತಲೆ ಆಡಿಸುವುದು, ಎಲ್ಲರೂ ನಕ್ಕಾಗ ಅರ್ಧ ಕ್ಷಣ ತಡೆದು ನಗುವುದು. ಈ ವಿದ್ಯೆ ನಿಮ್ಮಲ್ಲೂ ಕೆಲವರಿಗೆ ಗೊತ್ತಿರಬಹುದು. ಗೊತ್ತಿದ್ದವರು ಮುಂದಿನದನ್ನು ಓದಿರಿ. ಗೊತ್ತಿಲ್ಲದ ಭಾಗ್ಯವಂತರೂ ಓದಿರಿ, ನಮ್ಮ ಪಾಡು ತಿಳಿಯಲಿ.

ನನ್ನ ಬೆಂಚಿನ ಗೆಳೆಯನೊಬ್ಬನಿದ್ದಾನೆ. ಮಂಗಳೂರು ಕಡೆಯ ಕೊಂಕಣಿ ಮನೆಮಾತಿನವರು, ಇಲ್ಲಿ ಮಾಹೀಮಿನಲ್ಲಿ ಮನೆ. ಅವನ ತಂದೆ ಸರಕಿನ ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ದೇಶ ದೇಶದ ಬಂದರುಗಳಲ್ಲಿ ಕೊಂಡ ಎಲ್.ಪಿ. ತಟ್ಟೆಗಳು ಅವರ ಮನೆಯ ಕಪಾಟಿನ ತುಂಬ ಇವೆ. ಒಂದು ಶನಿವಾರ ಮಧ್ಯಾಹ್ನ ಅವರು ಒಂದು ತಟ್ಟೆ ತೆಗೆದು ಒರೆಸಿ ಹಾಕಿದರು. 1984ರಲ್ಲಿ ಅಮೆರಿಕದ ಸವಾನ್ನಾ ಬಂದರಿನಲ್ಲಿ ಕೊಂಡದ್ದಂತೆ. ಮೊದಲು ಏನೋ ಗುಂಯ್ ಎಂಬ ವಿಚಿತ್ರ ಸದ್ದು. ಆಮೇಲೆ ಡ್ರಮ್, ಓಡುವ ಗಿಟಾರ್, ಅದರ ನಡುವೆ ಒಂದು ಗಂಡು ದನಿ. ನಾನು ಅಭ್ಯಾಸಬಲದಿಂದ ತಲೆ ಆಡಿಸತೊಡಗಿದೆ.

ಅವರು ನನ್ನನ್ನೇ ನೋಡಿ ಕೇಳಿದರು: "ಏನು ಹೇಳ್ತಾನೆ ಅವ, ತಿಳಿಯಿತಾ ನಿನಗೆ?"

ಕಿವಿ ಬಿಸಿಯಾಯಿತು. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. "ಇಲ್ಲ ಅಂಕಲ್" ಅಂದೆ.

ಅವರು ಗಟ್ಟಿಯಾಗಿ ನಕ್ಕುಬಿಟ್ಟರು. "ನನಗೂ ತಿಳಿಯಲಿಲ್ಲ ಮಾರಾಯ! ಇಷ್ಟು ವರ್ಷದಿಂದ ಕೇಳ್ತಾ ಇದ್ದೇನೆ. ಅಂಗಡಿಯಲ್ಲಿ ಮಾರಿದ ಆ ಅಮೆರಿಕದ ಹುಡುಗನಿಗೇ ತಿಳಿಯಲಿಲ್ಲ ಅಂತ ಅವನೇ ಹೇಳಿದ. ಮತ್ತೆ ನಿನಗೆಂತ ನಾಚಿಕೆ?"

ಅಂದಿನಿಂದ ಆ ತಟ್ಟೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಹುಡುಕಿ ಓದಿದೆ. ಓದಿದ್ದನ್ನೂ ಕೇಳಿದ್ದನ್ನೂ ನಿಮ್ಮ ಮುಂದೆ ಇಡುತ್ತೇನೆ.

ತಂಡದ ಹೆಸರು ಆರ್.ಇ.ಎಂ. ಆಲ್ಬಮಿನ ಹೆಸರು 'ಮರ್ಮರ್'. ಹೊರಬಂದದ್ದು 1983ರ ಏಪ್ರಿಲ್ ತಿಂಗಳಲ್ಲಿ, ಐ.ಆರ್.ಎಸ್. ಎಂಬ ಚಿಕ್ಕ ಕಂಪನಿಯಿಂದ. ಹಾಡುಗಳು 12, ಒಟ್ಟು ಮುಕ್ಕಾಲು ಗಂಟೆಗೆ ಒಂದು ನಿಮಿಷ ಕಡಿಮೆ. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಗೊಣಗು, ಗುಣುಗುಣು ಎಂದರ್ಥ. ನಮ್ಮಲ್ಲೂ ಒಣಗಿದೆಲೆಯ ಸದ್ದಿಗೆ 'ಮರ್ಮರ' ಎನ್ನುತ್ತೇವಲ್ಲ, ಅದೇ ಸದ್ದು, ಹೆಚ್ಚುಕಡಿಮೆ ಅದೇ ಭಾವ. ಇಡೀ ಆಲ್ಬಮಿನಲ್ಲಿ ನನಗೆ ನಿಘಂಟಿಲ್ಲದೆ ತಿಳಿದ ಒಂದೇ ಶಬ್ದ ಅದರ ಹೆಸರು.

ತಂಡದವರು ನಾಲ್ಕು ಜನ. ಹಾಡುವವನು ಮೈಕೆಲ್ ಸ್ಟೈಪ್, ಗಿಟಾರ್ ಪೀಟರ್ ಬಕ್, ಬೇಸ್ ಗಿಟಾರ್ ಮೈಕ್ ಮಿಲ್ಸ್, ಡ್ರಮ್ ಬಿಲ್ ಬೆರಿ. ಊರು ಅಮೆರಿಕದ ದಕ್ಷಿಣದ ಜಾರ್ಜಿಯ ರಾಜ್ಯದ ಅಥೆನ್ಸ್. ಅದು ವಿಶ್ವವಿದ್ಯಾಲಯದ ಊರು. ನಮ್ಮ ಧಾರವಾಡ ಇದ್ದ ಹಾಗೆ ಅಂದುಕೊಳ್ಳಿ. ಬಕ್ ಅಲ್ಲಿನ ಒಂದು ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಚಿತ್ರಕಲೆ ಓದುತ್ತಿದ್ದ ಸ್ಟೈಪ್ ಅಲ್ಲಿಗೆ ಗಿರಾಕಿ. ಬಕ್ ತನಗಾಗಿ ಎತ್ತಿಟ್ಟುಕೊಂಡ ತಟ್ಟೆಗಳನ್ನೇ ಇವನೂ ಆರಿಸುತ್ತಿದ್ದ, ಹಾಗೆ ಸ್ನೇಹ. 1980ರ ಏಪ್ರಿಲ್ 5ರಂದು, ಪೂಜೆ ನಿಂತುಹೋಗಿದ್ದ ಒಂದು ಹಳೆಯ ಇಗರ್ಜಿಯಲ್ಲಿ, ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಅವರ ಮೊದಲ ಕಚೇರಿ. ನಾವು ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾಟಕ ಕಟ್ಟುವ ವಯಸ್ಸೇ ಅವರದೂ.

ಈಗ ಮುಖ್ಯ ಪ್ರಶ್ನೆ. ಇಂಗ್ಲಿಷಿನಲ್ಲೇ ಹುಟ್ಟಿ ಇಂಗ್ಲಿಷಿನಲ್ಲೇ ಬೆಳೆದವರಿಗೂ ಆ ಮಾತು ಯಾಕೆ ತಿಳಿಯಲಿಲ್ಲ? ಇದಕ್ಕೆ ನಾಲ್ಕು ಕಾರಣ ಕಾಣುತ್ತವೆ.

ಒಂದು, ದನಿಯನ್ನು ಇಟ್ಟ ಜಾಗ. ಸಾಮಾನ್ಯವಾಗಿ ಹಾಡು ಮುದ್ರಿಸುವಾಗ ದನಿಯೇ ಮದುಮಗ, ವಾದ್ಯಗಳು ದಿಬ್ಬಣ. ದನಿಯನ್ನು ಎತ್ತರದಲ್ಲಿ ಕೂಡಿಸಿ ಉಳಿದದ್ದನ್ನು ಕೆಳಗೆ ನಿಲ್ಲಿಸುತ್ತಾರೆ. 'ಮರ್ಮರ್'ನಲ್ಲಿ ಮದುಮಗ ಕುದುರೆಯಿಂದಿಳಿದು ದಿಬ್ಬಣದಲ್ಲೇ ಸೇರಿಕೊಂಡು ನಡೆಯುತ್ತಾನೆ. ಗಿಟಾರು, ಬೇಸು, ಡ್ರಮ್ಮುಗಳ ಸಾಲಿನಲ್ಲಿ ದನಿಯೂ ಒಂದು. ಮಿಚ್ ಈಸ್ಟರ್, ಡಾನ್ ಡಿಕ್ಸನ್ ಎಂಬ ಇಬ್ಬರು ನಿರ್ಮಾಪಕರು ಷಾರ್ಲಟ್ ನಗರದ ರಿಫ್ಲೆಕ್ಷನ್ ಎಂಬ ಸ್ಟುಡಿಯೋದಲ್ಲಿ, 1983ರ ಆರಂಭದ ತಿಂಗಳುಗಳಲ್ಲಿ, ಇದನ್ನು ಮುದ್ರಿಸಿದರು. ಸ್ಟೈಪ್ ಹಾಡಿದ್ದು ಎಲ್ಲರೆದುರು ನಿಂತಲ್ಲ, ಸ್ಟುಡಿಯೋದ ಪಕ್ಕದ ಮೆಟ್ಟಿಲ ಬಳಿ, ಕತ್ತಲಲ್ಲಿ.

ಎರಡು, ಉಚ್ಚಾರ. ನಾವು ಒಂದನೆಯ ಇಯತ್ತೆಯಲ್ಲೇ ಸ್ವರ, ವ್ಯಂಜನ ಎಂದು ಬಾಯಿಪಾಠ ಮಾಡಿದವರು. ಹಾಡಿನಲ್ಲಿ ರಾಗವನ್ನು ಹೊರುವುದು ಸ್ವರ. ಒಂದು ಮಾತನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸುವುದು ಹೆಚ್ಚಾಗಿ ವ್ಯಂಜನ. 'ಕಲ್ಲು', 'ಹಲ್ಲು', 'ಬಿಲ್ಲು' ಎಂಬಲ್ಲಿ ಮೊದಲ ವ್ಯಂಜನ ನುಂಗಿದರೆ ಏನು ಉಳಿಯುತ್ತದೆ? ಸ್ಟೈಪ್ ಮಾಡುವುದು ಅದನ್ನೇ. ವ್ಯಂಜನವನ್ನು ಅರ್ಧ ನುಂಗುತ್ತಾನೆ, ಸ್ವರವನ್ನು ಎಳೆಯುತ್ತಾನೆ. ರಾಗ ಪೂರ್ತಿ ಬರುತ್ತದೆ, ಮಾತು ಅರ್ಧ ಬರುತ್ತದೆ.

ಮೂರು, ವಾಕ್ಯ. ಮಾತು ಸ್ಪಷ್ಟ ಕೇಳಿದಲ್ಲೂ ಕಥೆ ಸಿಗುವುದಿಲ್ಲ. ತುಂಡು ತುಂಡು ಚಿತ್ರಗಳು. 'ಲಾಫಿಂಗ್' ಎಂಬ ಹಾಡಿನಲ್ಲಿ ಗ್ರೀಕ್ ಪುರಾಣದ ಲಾವೊಕೂನ್ ಹೆಸರು ಸುಳಿದು ಹೋಗುತ್ತದೆ. ಪುರಾಣದಲ್ಲಿ ಅವನು ಗಂಡಸು, ಇಲ್ಲಿ ಹೆಂಗಸಾಗಿದ್ದಾನೆ! ಯಾಕೆ ಅಂತ ಹಾಡು ಹೇಳುವುದಿಲ್ಲ. 'ಟಾಕ್ ಅಬೌಟ್ ದ ಪ್ಯಾಶನ್' ಎಂಬುದರ ನಡುವೆ ಇದ್ದಕ್ಕಿದ್ದಂತೆ ಫ್ರೆಂಚ್ ಮಾತು ಬರುತ್ತದೆ.

ನಾಲ್ಕು, ಹಾಡಿನ ಮಾತುಗಳನ್ನು ಅವರು ಹೊದಿಕೆಯ ಮೇಲೆ ಅಚ್ಚು ಹಾಕಲಿಲ್ಲ. ನೋಡಿಕೊಂಡು ಕೇಳೋಣವೆಂದರೆ ಆ ದಾರಿಯೂ ಬಂದ್.

ಹೊದಿಕೆಯ ಚಿತ್ರ ನೋಡಿದರೆ ಇದೆಲ್ಲ ಬೇಕಂತಲೇ ಮಾಡಿದ್ದು ಅನ್ನಿಸುತ್ತದೆ. ಮುಂಭಾಗದಲ್ಲಿ ಕುಡ್ಜು ಎಂಬ ಬಳ್ಳಿ. ಅದು ಮೂಲತಃ ಜಪಾನಿನದು. 1876ರಲ್ಲಿ ಫಿಲಡೆಲ್ಫಿಯದ ವಸ್ತುಪ್ರದರ್ಶನದಲ್ಲಿ ಅಮೆರಿಕಕ್ಕೆ ಕಾಲಿಟ್ಟಿತು. 1930ರ ದಶಕದಲ್ಲಿ ಮಣ್ಣು ಕೊಚ್ಚಿಹೋಗದಿರಲೆಂದು ಸರಕಾರವೇ ಅದನ್ನು ನೆಡಿಸಿತು. ಆಮೇಲೆ ಅದು ಯಾರ ಮಾತನ್ನೂ ಕೇಳದೆ ದಕ್ಷಿಣದ ಮರ, ಕಂಬ, ಪಾಳುಮನೆಗಳನ್ನೆಲ್ಲ ಮುಚ್ಚಿ ಹಬ್ಬಿತು. ಕೆಳಗೆ ಏನೋ ಇದೆ ಎಂದು ಆಕಾರದಿಂದ ಗೊತ್ತಾಗುತ್ತದೆ, ಏನು ಅಂತ ಕಾಣುವುದಿಲ್ಲ. ಆಲ್ಬಮಿನ ಹಾಡುಗಳೂ ಹಾಗೆಯೇ. ಹಿಂಭಾಗದಲ್ಲಿ ಅಥೆನ್ಸಿನ ಒಂದು ಹಳೆಯ ಮರದ ರೈಲು ಸೇತುವೆಯ ಚಿತ್ರ. ಅದನ್ನು ಕೆಡವುವ ಮಾತು ಬಂದಾಗ ಜನ ಎದ್ದು ನಿಂತರು, 2000ದಲ್ಲಿ ಊರಿನ ಆಡಳಿತ ಅದನ್ನು ಉಳಿಸಲು ತೀರ್ಮಾನಿಸಬೇಕಾಯಿತು. ಆಮೇಲೆ ಮುದಿ ಮರ ತಾಳಲಿಲ್ಲ, ಹೊಸದಾಗಿ ಕಟ್ಟಿದರು. ಆ ಮಾತು ಬೇರೆ. ರೈಲೇ ಓಡದ ಒಂದು ಸೇತುವೆಗೆ ಇಷ್ಟು ಕಕ್ಕುಲಾತಿ!

ಇನ್ನು ಕೇಳುಗರ ಕಥೆ. ಅಮೆರಿಕದ ದೊಡ್ಡ ರೇಡಿಯೋ ಕೇಂದ್ರಗಳು ಜಾಹೀರಾತಿನ ಮೇಲೆ ಬದುಕುವಂಥವು. ಅವು ಇಂಥ ಹಾಡನ್ನು ಹೆಚ್ಚು ಹಾಕಲಿಲ್ಲ. ಆದರೆ ಅಲ್ಲಿ ಎಷ್ಟೋ ಕಾಲೇಜುಗಳಿಗೆ ತಮ್ಮದೇ ಸಣ್ಣ ರೇಡಿಯೋ ಇರುತ್ತದೆ. ನಡೆಸುವವರು ವಿದ್ಯಾರ್ಥಿಗಳು. ದನಿ ಊರಾಚೆ ದಾಟದಿದ್ದರೂ ಮನಸ್ಸಿಗೆ ಬಂದ ತಟ್ಟೆ ಹಾಕುವ ಸ್ವಾತಂತ್ರ್ಯ ಉಂಟು. ನಮ್ಮ ಈ ಸೈಕ್ಲೋಸ್ಟೈಲ್ ಪತ್ರಿಕೆ ಇದ್ದ ಹಾಗೆ: ಮಸಿ ಕೈಗೆ ಹತ್ತುತ್ತದೆ, ಆದರೆ ಯಾರ ಅಪ್ಪಣೆಯೂ ಬೇಕಿಲ್ಲ. ಅಂಥ ಕಾಲೇಜು ರೇಡಿಯೋಗಳೇ ಆರ್.ಇ.ಎಂ.ನ ಹಾಡುಗಳನ್ನು ಊರಿಂದೂರಿಗೆ ಮುಟ್ಟಿಸಿದವು. ದೊಡ್ಡ ರಸ್ತೆ ಬಿಟ್ಟು ಓಣಿಯಲ್ಲಿ ನಡೆದ ಇಂಥ ಸಂಗೀತಕ್ಕೇ ಮುಂದೆ ಆಲ್ಟರ್ನೇಟಿವ್ ರಾಕ್, ಅಂದರೆ ಪರ್ಯಾಯ ರಾಕ್, ಎಂಬ ಹೆಸರು ನಿಂತಿತು.

ಕಾಮರ್ಸಿನವನಾಗಿ ಅಂಕಿ ಹೇಳದಿದ್ದರೆ ಹೇಗೆ? ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 'ಮರ್ಮರ್' ಏರಿದ್ದು 36ನೆಯ ಸ್ಥಾನಕ್ಕೆ. ಅದರ ಮೊದಲ ಹಾಡು 'ರೇಡಿಯೋ ಫ್ರೀ ಯುರೋಪ್' ಹಾಡುಗಳ ಪಟ್ಟಿಯಲ್ಲಿ 78ಕ್ಕೆ ನಿಂತಿತು. ಆ ವರ್ಷದ ಕೊನೆಗೆ ಮಾರಾಟ ಸುಮಾರು 2 ಲಕ್ಷ ಪ್ರತಿ. 5 ಲಕ್ಷಕ್ಕೆ ಕೊಡುವ 'ಗೋಲ್ಡ್' ಮನ್ನಣೆ ಸಿಕ್ಕಿದ್ದು 1991ರಲ್ಲಿ. ಇನ್ನೊಂದು ಕಡೆ 1983 ಅಂದರೆ ಅಂಗಡಿ ಅಂಗಡಿಯಲ್ಲೂ ಮೈಕಲ್ ಜಾಕ್ಸನ್ನನ 'ಥ್ರಿಲ್ಲರ್'ನ ಅಬ್ಬರ. ಆದರೂ ಆ ವರ್ಷದ ಅತ್ಯುತ್ತಮ ಆಲ್ಬಂ ಎಂದು 'ರೋಲಿಂಗ್ ಸ್ಟೋನ್' ಪತ್ರಿಕೆಯ ವಿಮರ್ಶಕರು ಆರಿಸಿದ್ದು 'ಮರ್ಮರ್' ಅನ್ನು. ಲಾಭ-ನಷ್ಟದ ತಃಖ್ತೆಯಲ್ಲಿ ಇದನ್ನು ಎಲ್ಲಿ ತೋರಿಸುತ್ತೀರಿ? ನಮ್ಮ ಪುಸ್ತಕದಲ್ಲಿ ಇದಕ್ಕೆ 'ಗುಡ್‌ವಿಲ್' ಅನ್ನುತ್ತಾರೆ. ಮುಟ್ಟಲಿಕ್ಕೆ ಬಾರದ ಆಸ್ತಿ, ಆದರೆ ಆಸ್ತಿ ಹೌದು. 'ರೇಡಿಯೋ ಫ್ರೀ ಯುರೋಪ್' ಹಾಡನ್ನು ಅವರು 1981ರಲ್ಲೇ ಒಮ್ಮೆ ಬೇರೆಯಾಗಿ ಮುದ್ರಿಸಿದ್ದರು. ಆ ಮೊದಲ ರೂಪವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಕಾಯ್ದಿಡತಕ್ಕ ರಾಷ್ಟ್ರೀಯ ಧ್ವನಿಮುದ್ರಣಗಳ 2009ನೇ ಸಾಲಿನ ಯಾದಿಯಲ್ಲಿ ಸೇರಿಸಿತು.

ಹಾಗಾದರೆ ಕೇಳುಗರು ಮೆಚ್ಚಿದ್ದು ಏನನ್ನು? ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ.

ಮೊದಲನೆಯದು, ಬಕ್‌ನ ಗಿಟಾರು. ಆಗಿನ ರಾಕ್ ತಂಡಗಳಲ್ಲಿ ಹಾಡಿನ ನಡುವೆ ಗಿಟಾರಿನವನು ಮುಂದೆ ಬಂದು ಒಬ್ಬನೇ ಮೆರೆಯುವ ಪದ್ಧತಿ ಇತ್ತು. ಇವರು ಅದು ಬೇಡವೆಂದರು. ಆ ಕಾಲದ ಫ್ಯಾಷನ್ ಆಗಿದ್ದ ಸಿಂಥಸೈಜರೂ ಬೇಡವೆಂದರು. ಮೊದಲು ಕಂಪನಿಯವರು ಗೊತ್ತುಮಾಡಿದ್ದ ಬೇರೊಬ್ಬ ನಿರ್ಮಾಪಕ, ಸ್ಟೀಫನ್ ಹೇಗ್, ಒಂದು ಹಾಡಿಗೆ ಸಿಂಥಸೈಜರ್ ಸೇರಿಸಿದ್ದು ಇವರಿಗೆ ಒಗ್ಗಲಿಲ್ಲ. ಹಟ ಹಿಡಿದು ಈಸ್ಟರ್-ಡಿಕ್ಸನ್ ಜೋಡಿಯ ಹತ್ತಿರ ಹೋದರು. ಬಕ್ ತಂತಿಗಳನ್ನು ಒಟ್ಟಿಗೆ ಬಾರಿಸುವ ಬದಲು ಒಂದೊಂದಾಗಿ ಮೀಟುತ್ತಾನೆ. ನಾದ ಒಂದೇ ಏಟಿಗೆ ಬೀಳದೆ ಹನಿಹನಿಯಾಗಿ ಉದುರುತ್ತದೆ.

ಎರಡನೆಯದು, ಮಿಲ್ಸ್‌ನ ಬೇಸ್. ಬೇಸ್ ಅಂದರೆ ಮನೆಯ ಪಾಯ, ಕಣ್ಣಿಗೆ ಬೀಳಬಾರದು ಅಂತ ರೂಢಿ. ಮಿಲ್ಸ್‌ನ ಪಾಯಕ್ಕೇ ಚಿತ್ತಾರವಿದೆ. ಅದರದೇ ಒಂದು ರಾಗ ನಡೆಯುತ್ತಿರುತ್ತದೆ. ಮೇಲಾಗಿ ಅವನು, ಬೆರಿ ಇಬ್ಬರೂ ಹಿಂದಿನಿಂದ ಹಾಡುತ್ತಾರೆ. ಕೆಲವೊಮ್ಮೆ ಮೂರು ದನಿ ಮೂರು ಬೇರೆ ಮಾತು ಹೇಳುತ್ತಿರುತ್ತವೆ. ಸಂತೆಯಲ್ಲಿ ನಿಂತು ಕಿವಿಗೊಟ್ಟ ಹಾಗೆ.

ಮೂರನೆಯದು, ಸಣ್ಣ ಸಣ್ಣ ಸದ್ದುಗಳು. 'ವಿ ವಾಕ್' ಎಂಬ ಹಾಡಿನಲ್ಲಿ ದೂರದ ಗುಡುಗಿನಂಥದು ಕೇಳುತ್ತದೆ. ಅದು ಬಿಲಿಯರ್ಡ್ಸ್ ಗುಂಡುಗಳು ಒಂದಕ್ಕೊಂದು ಬಡಿದ ಸದ್ದನ್ನು ನಿಧಾನಗೊಳಿಸಿದ್ದಂತೆ! ಹಾಡು ಅಷ್ಟೇನೂ ದೊಡ್ಡದಲ್ಲ, ಹುಡುಗಾಟದ್ದು. ಹನ್ನೆರಡೂ ರತ್ನ ಅಂತ ನಾನೇನೂ ಹೇಳುವುದಿಲ್ಲ. ಆದರೆ ಹತ್ತನೆಯ ಸಲ ಕೇಳುವಾಗಲೂ ಒಂದು ಹೊಸ ಸದ್ದು ಸಿಗುತ್ತದೆ.

ನಾಲ್ಕನೆಯದೇ ಮುಖ್ಯವಾದದ್ದು. ಮಾತು ಪೂರ್ತಿ ಸಿಗದೆ ಹೋದಾಗ ಕೇಳುಗ ಸುಮ್ಮನೆ ಕೂಡುವುದಿಲ್ಲ. ಬಿಟ್ಟ ಸ್ಥಳ ತುಂಬುತ್ತಾನೆ. ಒಬ್ಬನಿಗೆ ಒಂದು ಮಾತು ಕೇಳಿದರೆ ಇನ್ನೊಬ್ಬನಿಗೆ ಮತ್ತೊಂದು. ಹೀಗೇ ಇರಬೇಕು, ಅಲ್ಲ ಹಾಗಿರಬೇಕು ಎಂದು ವಾದ. ನಾನೂ ನನ್ನ ಗೆಳೆಯನೂ 'ಸಿಟಿಂಗ್ ಸ್ಟಿಲ್' ಹಾಡಿನ ಮೇಲೆ ಹಾಗೆ ಜಗಳಾಡಿದ್ದೇವೆ. ಅವನು ಒಂದನೆಯ ಇಯತ್ತೆಯಿಂದ ಇಂಗ್ಲಿಷ್ ಮಾಧ್ಯಮ, ನಾನು ಕನ್ನಡ. ಆದರೂ ಆ ಜಗಳದಲ್ಲಿ ಇಬ್ಬರೂ ಸರಿಸಮ. ಮೂರು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಸಂಘದ ಒಬ್ಬ ಗೆಳೆಯನಿಗೆ ಇದನ್ನೆಲ್ಲ ಹೇಳಿದಾಗ ಅವನು ಮುಖ ಸಿಂಡರಿಸಿದ. "ಇದು ಮೋಸ ಕಣೋ. ಅರ್ಥ ಇಲ್ಲದ್ದನ್ನ ಆಳ ಅಂತ ಮಾರೋದು. ನಾವು ವಚನಕಾರರ ನಾಡಿನವರು, ನಮಗೆ ಮಾತೇ ಜ್ಯೋತಿ" ಅಂದ. ಅವನ ಮಾತು ತಳ್ಳಿಹಾಕುವಂಥದ್ದಲ್ಲ. ಹಾಡಿದ ಮಾತು ತಿಳಿಯಬೇಕು ಎನ್ನುವುದು ನ್ಯಾಯವೇ. ಆದರೆ ನಮ್ಮ ಮನೆಯನ್ನೇ ನೋಡಿ. ಅಪ್ಪ ಮಲ್ಲಿಕಾರ್ಜುನ ಮನಸೂರರ ವಚನ ಕೇಳುವಾಗ ಒಂದೊಂದು ಮಾತಿಗೂ ತಲೆದೂಗುತ್ತಾನೆ. ಅದೇ ಮನಸೂರರ ಖಯಾಲು ಹಚ್ಚಿದರೆ ಕಣ್ಣು ಮುಚ್ಚುತ್ತಾನೆ. ಆ ಚೀಜಿನ ಬ್ರಜ ಭಾಷೆ ಅಪ್ಪನಿಗೆ ಒಂದಕ್ಷರ ಗೊತ್ತಿಲ್ಲ. ತರಾನಾದಲ್ಲಂತೂ ಬಹುಮಟ್ಟಿಗೆ ಬರೀ ನಾದದ ಅಕ್ಷರಗಳು. ಎರಡು ಬಗೆಯ ಕೇಳುವಿಕೆಯೂ ನಮ್ಮಲ್ಲಿ ಮೊದಲಿಂದ ಇವೆ. ಒಂದಕ್ಕೆ ಕಣ್ಣು ತೆರೆದಿರುತ್ತದೆ, ಇನ್ನೊಂದಕ್ಕೆ ಮುಚ್ಚಿರುತ್ತದೆ, ಅಷ್ಟೇ.

ಮೋಸವೋ ಅಲ್ಲವೋ ಎನ್ನುವುದಕ್ಕೆ ಒಂದು ಪುರಾವೆಯೂ ಇದೆ. ಮರುವರ್ಷದ 'ರೆಕನಿಂಗ್' ಆಲ್ಬಂ ಮುದ್ರಿಸುವಾಗ ಸ್ಟೈಪ್‌ನ ದನಿ ಏಳಲೊಲ್ಲದು. ಡಿಕ್ಸನ್ ಅವನ ಕೈಗೆ ಯಾವುದೋ ಕ್ರೈಸ್ತ ಭಜನೆಯ ತಟ್ಟೆ ಕೊಟ್ಟ. ಸ್ಟೈಪ್ ಅದರ ಹೊದಿಕೆಯ ಹಿಂದೆ ಅಚ್ಚಾದ ಒಣ ವಿವರಣೆಯನ್ನೇ ಹಾಡಿನ ಮಟ್ಟಿಗೆ ಕೂಡಿಸಿ ಹಾಡಿಬಿಟ್ಟ. 'ವಾಯ್ಸ್ ಆಫ್ ಹೆರಲ್ಡ್' ಎಂಬ ಹೆಸರಿನಲ್ಲಿ ಅದು 1987ರಲ್ಲಿ ಹೊರಬಂತು. ಕೇಳಿದೆ. ಮಾತು ಬರೀ ಜಾಹೀರಾತು, ದನಿ ಮಾತ್ರ ಎದೆಗೆ ತಾಗುತ್ತದೆ. ಅರ್ಥವನ್ನು ಹೊರುವುದು ಮಾತೊಂದೇ ಅಲ್ಲ.

ಮುಂದೆ ಸ್ಟೈಪ್ ಸ್ಪಷ್ಟವಾಗಿ ಹಾಡಲು ಶುರುಮಾಡಿದ. 1986ರ ಆಲ್ಬಂ ಹೊತ್ತಿಗೆ ಮಾತು ಕೇಳತೊಡಗಿತು. 1991ರಲ್ಲಿ 'ಲೂಸಿಂಗ್ ಮೈ ರಿಲಿಜನ್' ಹಾಡಿನಿಂದ ತಂಡ ಜಗತ್ತಿಗೆಲ್ಲ ಗೊತ್ತಾಯಿತು. 1997ರಲ್ಲಿ ಬೆರಿ ಹೊರಗೆ ಹೋದ. 2011ರಲ್ಲಿ ತಂಡವೇ ಮುಕ್ತಾಯ ಹೇಳಿತು. ಆದರೂ ಆ ಮೊದಲ ಗುಣುಗುಣುವೇ ಮೇಲು ಎನ್ನುವ ಕೇಳುಗರು ಇದ್ದಾರೆ. ಅವರಲ್ಲಿ ನಾನೂ ಒಬ್ಬ.

ಈ ತಟ್ಟೆಯಿಂದ ನನಗಾದ ಲಾಭ ಒಂದು ಉಂಟು, ಅದನ್ನು ಹೇಳಿ ಮುಗಿಸುತ್ತೇನೆ. ತಿಳಿಯದಿರುವುದು ಬೇರೆ, ತಿಳಿದಂತೆ ನಟಿಸುವುದು ಬೇರೆ. ತಿಳಿಯದವನು ಕೇಳುತ್ತಲೇ ಇರುತ್ತಾನೆ. ನಟಿಸುವವನು ಕೇಳುವುದನ್ನು ನಿಲ್ಲಿಸಿ ಬರೀ ಸುತ್ತಲಿನವರ ಮುಖ ನೋಡುತ್ತಿರುತ್ತಾನೆ. ನಾನು ಮೂರು ವರ್ಷ ಮುಖ ನೋಡಿದೆ. ಹೋದ ತಿಂಗಳು ಕಾಸ್ಟಿಂಗ್ ಪೀರಿಯಡ್ಡಿನಲ್ಲಿ ಎದ್ದು ನಿಂತು, ನನ್ನ ಮುರುಕು ಇಂಗ್ಲಿಷಿನಲ್ಲೇ, "ಸರ್, ತಿಳೀಲಿಲ್ಲ" ಅಂದೆ. ಸರ್ ಮತ್ತೊಮ್ಮೆ ಹೇಳಿದರು. ಆಗ ಸುತ್ತ ಎಂಟು ಹತ್ತು ಪೆನ್ನು ಒಟ್ಟಿಗೆ ಬರೆಯತೊಡಗಿದ ಸದ್ದು ಕೇಳಿಸಿತು. ತಿಳಿಯದವರು ನಾನೊಬ್ಬನೇ ಇರಲಿಲ್ಲ.

ಮೊನ್ನೆ ರಾತ್ರಿ ಮನೆಯಲ್ಲಿ 'ಪರ್ಫೆಕ್ಟ್ ಸರ್ಕಲ್' ಹಚ್ಚಿದ್ದೆ. ಆಲ್ಬಮಿನ ಆರನೆಯ ಹಾಡು, ಪಿಯಾನೋ ಮುಂದಾಗಿ ನಿಧಾನ ನಡೆಯುವಂಥದು. ಅವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಕೈ ನಿಂತಿತು.

"ಏನಂತಾನೋ ಅಂವಾ?"

"ಗೊತ್ತಿಲ್ಲವ್ವ. ಅವರ ಊರಾಗೂ ಯಾರಿಗೂ ಪೂರ್ತಿ ಗೊತ್ತಿಲ್ಲಂತ."

ಅವ್ವ ಇನ್ನೊಂದು ಸ್ವಲ್ಪ ಕೇಳಿದಳು. "ಯಾರನೋ ಊರಿಗೆ ಕಳಿಸಿ ಬಂದಾನ ನೋಡು ಪಾಪ" ಅಂದು, ಮತ್ತೆ ಕಲ್ಲು ಆರಿಸತೊಡಗಿದಳು.